ಜಬಲ್ ಹಫೀತ್ ಇಳಿಯುವಾಗ

ಮಗ್ದಲೀನ್ ಮತ್ತು ಆಸ್ವಾಲ್ಡ್ ಮದುವೆಯಾಗಿ ಇಪ್ಪತ್ತೆರಡು ವರ್ಷ ಕಳೆದಿತ್ತು. ಇಬ್ಬರೂ ಒಂದೇ ದೇಶದಲ್ಲಿ ದುಡಿಯುತ್ತಿದ್ದರೂ ಒಂದೇ ಸೂರಿನಡಿ ಇದ್ದದ್ದು ಊರಿಗೆ ರಜೆಯಲ್ಲಿ ಹೋದಾಗ ಮಾತ್ರ. ಅವಳು ದುಬೈಯ ಕ್ಲಿನಿಕ್ಕೊಂದರಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ನರ್ಸ್. ಇಂಟರ್‌ನ್ಯಾಷನಲ್ ಸಿಟಿಯ ಒಂದು ಫ್ಲ್ಯಾಟಿನಲ್ಲಿ ಇನ್ನಿಬ್ಬರು ನರ್ಸ್‌ಗಳ ಜೊತೆ ಶೇರಿಂಗ್‌ನಲ್ಲಿದ್ದಳು. ಅವನು ಮುನ್ನೂರು ಕಿಲೋಮೀಟರ್ ಆಚೆ, ಮದೀನತ್ ಜಾಯೆದ್‌ನಲ್ಲಿ, ಗ್ಯಾಸ್ ಪ್ಲಾಂಟಿಗೆ ಕೆಲಸಗಾರರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್. ವಾಸ ಕಂಪನಿಯ ಕ್ಯಾಂಪಿನಲ್ಲಿ. ಎರಡು ವಾರಕ್ಕೊಮ್ಮೆ ಅವನು ಅಲ್ಲಿಂದ, ಅವಳು ಇಲ್ಲಿಂದ ಅಬುಧಾಬಿಗೆ ಬರುತ್ತಿದ್ದರು. ಇಗರ್ಜಿಯಲ್ಲಿ ಪೂಜೆ ಮುಗಿಸಿ, ಕಾರ್ನಿಶ್‌ನಲ್ಲಿ ಸಮುದ್ರ ನೋಡುತ್ತ ನಡೆದು, ಯಾವುದಾದರೂ ಹೋಟೆಲಿನಲ್ಲಿ ಮೀನಿನ ಊಟ ಮಾಡಿದರೆ ಸಂಜೆಯಾಗುತ್ತಿತ್ತು. ಆಮೇಲೆ ಅವರವರ ದಾರಿ. ಮಗಳು ಡೆಬೊರಾ ಕಿನ್ನಿಗೋಳಿಯಲ್ಲಿ ಮಗ್ದಲೀನಳ ಅಕ್ಕನ ಕೈಯಲ್ಲಿ ಬೆಳೆದು, ಈಗ ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಫಿಸಿಯೋಥೆರಪಿ ಓದುತ್ತಿದ್ದಳು.

ಮಗ್ದಲೀನಳಿಗೆ ಒಂದು ಚಟವಿತ್ತು. ಡ್ಯೂಟಿ ಮುಗಿಸಿ ಬಂದು ಮಂಚದ ಮೇಲೆ ಕಾಲು ಚಾಚಿದಳೆಂದರೆ ಫೋನಿನಲ್ಲಿ ಅಮೆರಿಕದ ವಯಸ್ಸಾದ ದಂಪತಿಯೊಂದರ ವಿಡಿಯೊ ನೋಡುವುದು. ಆ ಗಂಡ ಹೆಂಡತಿ ನಿವೃತ್ತರಾದ ಮೇಲೆ ಮನೆ ಮಾರಿ, ಒಲೆ, ಹಾಸಿಗೆ, ಬಚ್ಚಲು ಎಲ್ಲ ಇರುವ ದೊಡ್ಡ ಗಾಡಿ ಕೊಂಡು ಕೊಲೊರಾಡೊ, ಯೂಟಾ, ವಯೋಮಿಂಗ್ ಎಂದು ಬೆಟ್ಟಗಳ ನಡುವೆ ತಿರುಗುತ್ತಿದ್ದರು. ಎಲ್ಲೋ ಹಿಮ ಬಿದ್ದ ತಪ್ಪಲಲ್ಲಿ ಗಾಡಿ ನಿಲ್ಲಿಸಿ ಅವಳು ಮೊಟ್ಟೆ ಹುರಿಯುತ್ತಿದ್ದಳು, ಅವನು ಕಾಫಿ ಕಾಸುತ್ತಿದ್ದ. ಹೆಚ್ಚಿನದೇನೂ ನಡೆಯುತ್ತಿರಲಿಲ್ಲ. ಆದರೂ ಮಗ್ದಲೀನ್ ಬಿಡದೆ ನೋಡುತ್ತಿದ್ದಳು. ಅಬುಧಾಬಿಗೆ ಬಂದಾಗ ಗಂಡನಿಗೆ ಕಥೆ ಹೇಳುತ್ತಿದ್ದಳು. "ಈ ಸಲ ಅವರಿಗೆ ಕರಡಿ ಸಿಕ್ಕಿದ್ದು, ಗೊತ್ತುಂಟಾ?" ಎಂದರೆ ಅವನು, "ನಮ್ಗೆ ಒಂಟೆ ಸಿಕ್ತದೆ, ಸಾಕು" ಎನ್ನುತ್ತಿದ್ದ.

ನವೆಂಬರ್ ಕೊನೆಯಲ್ಲಿ ಒಂದು ಮಧ್ಯಾಹ್ನ ಅವನ ಫೋನ್ ಬಂತು.

"ಮಗ್ದು, ನ್ಯಾಷನಲ್ ಡೇಗೆ ನಾಲ್ಕು ದಿನ ರಜೆ ಉಂಟಲ್ಲ? ನಿನ್ನ ಅಮೆರಿಕದವರ ಹಾಗೆ ಒಂದು ಗಾಡಿ ಸಿಕ್ಕಿದೆ. ಹೋಗುವ?"

"ಎಲ್ಲಿಗೆ?"

"ಹತ್ತಾ. ಆಮೇಲೆ ಅಲ್ ಐನ್. ಜಬಲ್ ಹಫೀತ್ ಹತ್ತುವ. ಇಲ್ಲಿಯೂ ಬೆಟ್ಟ ಉಂಟು ಮಾರಾಯ್ತಿ."

ಇಷ್ಟು ವರ್ಷಗಳಲ್ಲಿ ಅವನು ತಾನಾಗಿ ಒಂದು ತಿರುಗಾಟ ಹೊರಡಿಸಿದ್ದು ಇದೇ ಮೊದಲು. ಮಗ್ದಲೀನ್ ಮರುದಿನವೇ ಪಾರ್ಲರಿಗೆ ಹೋಗಿ, ಸೊಂಟದವರೆಗೆ ಇದ್ದ ಕೂದಲನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿಕೊಂಡಳು. ಬಹಳ ದಿನಗಳಿಂದ ಆಸೆಯಿತ್ತು, ಧೈರ್ಯವಿರಲಿಲ್ಲ. ಅವನು ನೋಡಿ ಏನೆನ್ನುತ್ತಾನೋ ಎಂದು ಕನ್ನಡಿಯ ಮುಂದೆ ನಿಂತು ಯೋಚಿಸಿದಳು.

ಗಾಡಿ ಉಳ್ಳಾಲದ ಇಮ್ತಿಯಾಜ್‌ನದು. ಅಲ್ ಕೂಝ್‌ನಲ್ಲಿ ಅವನಿಗೆ ಗ್ಯಾರೇಜಿತ್ತು. ಎತ್ತರದ ಮಾಡಿನ ಹಳೆಯ ವ್ಯಾನೊಂದರ ಹಿಂಭಾಗದಲ್ಲಿ ಗ್ಯಾಸ್ ಒಲೆ, ಪುಟ್ಟ ಫ್ರಿಜ್, ಮಡಚಿದರೆ ಸೋಫಾ ಬಿಡಿಸಿದರೆ ಹಾಸಿಗೆ ಎಂದು ಎಲ್ಲ ಕೂರಿಸಿದ್ದ. ಆಸ್ವಾಲ್ಡ್ ಬೆಳಗ್ಗೆಯೇ ಬಂದು ಗ್ಯಾರೇಜಿನ ಎದುರು ಸ್ಟೂಲಿನ ಮೇಲೆ ಕುಳಿತಿದ್ದ. ಮಗ್ದಲೀನ್ ಹತ್ತಿರ ಬಂದು ಮಾತಾಡಿದ ಮೇಲೆ ಎದ್ದು ನಕ್ಕ. ಕೂದಲಿನ ಬಗ್ಗೆ ಒಂದು ಮಾತಿಲ್ಲ. ಇಮ್ತಿಯಾಜ್ ಕೊಟ್ಟ ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟ.

"ನಾನಾ?" ಎಂದಳು ಮಗ್ದಲೀನ್. ನಾಲ್ಕು ವರ್ಷದಿಂದ ಅವಳು ಓಡಿಸುತ್ತಿದ್ದದ್ದು ಒಂದು ಸಣ್ಣ ಕಾರು.

"ನೀನೇ. ಇಪ್ಪತ್ತೊಂದು ವರ್ಷ ನಾನು ಬಸ್ಸು ಓಡಿಸಿಯಾಯ್ತು. ನಾಲ್ಕು ದಿನ ನಾನು ಪ್ಯಾಸೆಂಜರ್. ಆಟೊಮ್ಯಾಟಿಕ್ ಗಾಡಿ, ಹೆದರ್ಬೇಡ. ಯಲ್ಲಾ, ಹತ್ತು!"

ಹತ್ತಾದ ದಾರಿಯುದ್ದಕ್ಕೂ ಅವನೊಬ್ಬ ಒಳ್ಳೆಯ ಪ್ಯಾಸೆಂಜರ್ ಆಗಲೇ ಇಲ್ಲ. ಸಿಗ್ನಲ್ ಬಂದಾಗಲೆಲ್ಲ ಅವನ ಬಲಗಾಲು ಗಾಡಿಯ ನೆಲವನ್ನು ಒತ್ತುತ್ತಿತ್ತು. "ಎಂಜಿನ್ ಅಳ್ತಾ ಉಂಟು, ಸ್ವಲ್ಪ ಕಾಲು ತೆಗಿ" ಎನ್ನುತ್ತಿದ್ದ. "ಹಿಂದೆ ಟ್ರೈಲರ್ ಬರ್ತಾ ಉಂಟು, ಅವನಿಗೆ ದಾರಿ ಬಿಡು" ಎನ್ನುತ್ತಿದ್ದ. ಕನ್ನಡಿ ನೋಡಿದರೆ ನಿಜಕ್ಕೂ ಟ್ರೈಲರ್ ಇರುತ್ತಿತ್ತು. ಇಬ್ಬರೂ ಮನೆಯ ಕೊಂಕಣಿಯಲ್ಲಿ ಜಗಳವಾಡುತ್ತ, ನಗುತ್ತ, ಬಾವುಟ ಅಂಟಿಸಿಕೊಂಡ ಕಾರುಗಳ ಸಾಲಿನಲ್ಲಿ ಹತ್ತಾ ತಲುಪಿದಾಗ ಮಧ್ಯಾಹ್ನವಾಗಿತ್ತು.

ಬೋಳು ಬೆಟ್ಟಗಳ ನಡುವೆ ಅಣೆಕಟ್ಟಿನ ನೀರು ಹಸಿರಾಗಿ ನಿಂತಿತ್ತು. ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ, ಮಗ್ದಲೀನ್ ಕುಚ್ಚಲಕ್ಕಿ ಗಂಜಿಯನ್ನೂ ಒಣ ಸಿಗಡಿಯ ಚಟ್ನಿಯನ್ನೂ ಮಾಡಿದಳು. ಡೆಬೊರಾಳ ವಿಡಿಯೊ ಕಾಲ್ ಬಂತು. "ಮಮ್ಮಾ, ಕಿಚನ್ ತೋರ್ಸಿ! ಓ ಮೈ ಗಾಡ್, ಸೋ ಕ್ಯೂಟ್! ವೆಯ್ಟ್, ಯುವರ್ ಹೇರ್! ಪಪ್ಪಾ, ಹೌ ಡಸ್ ಶಿ ಲುಕ್?"

"ಚೆಂದ, ಚೆಂದ," ಎಂದ ಆಸ್ವಾಲ್ಡ್, ಗಂಜಿಯ ಬಟ್ಟಲಿನ ಕಡೆ ಮುಖ ಮಾಡಿಕೊಂಡು.

ಮಗ್ದಲೀನಳಿಗೆ ಅದು ಚುಚ್ಚಿತು. ಮಗಳು ಕೇಳಿದ ಮೇಲೂ ಅವನು ತಲೆಯೆತ್ತಲಿಲ್ಲ. ಬೆಳಗ್ಗಿನಿಂದ ಗಮನಿಸುತ್ತಿದ್ದಳು. ಮಾತಾಡುವಾಗ ಅವನು ಅವಳ ಮುಖ ನೋಡುತ್ತಿರಲಿಲ್ಲ. ಅವಳ ಕಿವಿಯ ಆಚೆಗೆಲ್ಲೋ, ಹಿಂದೆ ಇನ್ನೊಬ್ಬರು ನಿಂತಿರುವ ಹಾಗೆ ನೋಡುತ್ತಿದ್ದ. ಹಿಂದಿನ ಒಂದೆರಡು ಭೇಟಿಗಳಲ್ಲೂ ಹಾಗೇ ಇತ್ತಲ್ಲವೇ ಎಂದು ನೆನಪಾಯಿತು. ಐವತ್ತು ದಾಟಿದ ಗಂಡ, ನಲವತ್ತೇಳರ ಹೆಂಡತಿ. ದೂರ ಇದ್ದು ಇದ್ದು ಅಭ್ಯಾಸವಾದವರಿಗೆ ಹತ್ತಿರ ಬಂದಾಗ ಏನು ಮಾಡಬೇಕೆಂದು ತಿಳಿಯದೆ ಹೋಗುತ್ತದೇನೋ. ಅವನು ಚಹಾ ಸುರಿಯುವಾಗ ಕಪ್ಪಿನ ಅಂಚಿಗೆ ಬೆರಳು ಇಟ್ಟುಕೊಂಡದ್ದನ್ನೂ ಅವಳು ನೋಡಿದಳು.

ಮರುದಿನ ಅಲ್ ಐನ್ ಕಡೆಗೆ ಹೊರಟಾಗ ಮಾತು ಕಡಿಮೆಯಾಗಿತ್ತು. ಕೆಂಪು ಮರಳಿನ ದಿಬ್ಬಗಳು ಎರಡೂ ಬದಿಗೆ ಸರಿಯುತ್ತಿದ್ದವು. ಅವನು ಹಳೆಯ ಕೊಂಕಣಿ ಹಾಡೊಂದನ್ನು ಗುನುಗಿದ. ಅವಳು ದನಿಗೂಡಿಸಲಿಲ್ಲ. ಅಂದು ಬೆಟ್ಟದ ತಪ್ಪಲಲ್ಲಿ, ಬಿಸಿನೀರಿನ ಬುಗ್ಗೆಗಳಿರುವ ಹುಲ್ಲುಗಾವಲಿನ ಅಂಚಿನಲ್ಲಿ ಉಳಿದರು. ಸುತ್ತ ಮಕ್ಕಳು ಮರಿಗಳೊಡನೆ ಬಂದ ಹತ್ತಾರು ಕುಟುಂಬಗಳು ಮಾಂಸ ಸುಡುತ್ತಿದ್ದವು. ಆ ಗದ್ದಲವೇ ಮೇಲೆನಿಸಿತು ಮಗ್ದಲೀನಳಿಗೆ.

ಮೂರನೆಯ ದಿನ ಬೆಳಗ್ಗೆ ಜಬಲ್ ಹಫೀತ್ ಹತ್ತಿದರು. ಒಂದರ ಮೇಲೊಂದು ತಿರುವು. ಗಾಡಿ ಏದುಸಿರು ಬಿಡುತ್ತ ತುದಿ ತಲುಪಿತು. ಕಟ್ಟೆಯ ಬಳಿ ನಿಂತರೆ ಕೆಳಗೆ ಇಡೀ ಅಲ್ ಐನ್ ಹರಡಿಕೊಂಡಿತ್ತು. ಗಾಳಿ ಜೋರಾಗಿತ್ತು. ಆಸ್ವಾಲ್ಡ್ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ.

"ಏನೆಲ್ಲ ಕಾಣ್ತದೆ, ಹೇಳು ಮಗ್ದು."

"ಕಣ್ಣಿಲ್ವಾ ನಿಂಗೆ? ನೀನೇ ನೋಡು," ಎಂದಳು ಅವಳು. ಎರಡು ದಿನದ ಸಿಟ್ಟು ಆ ಮಾತಿನಲ್ಲಿತ್ತು.

ಅವನು ಕಂಬಿಯಿಂದ ಕೈ ತೆಗೆದ. "ಆಯ್ತು, ಇಳಿಯುವ" ಎಂದ.

ಇಳಿಯುವಾಗ ಒಂದೇ ಲೇನು. ಹಿಂದೆ ಕಾರುಗಳ ಸಾಲು. ಮಗ್ದಲೀನಳ ಮನಸ್ಸು ಗಾಡಿಯಲ್ಲಿರಲಿಲ್ಲ. ತಿರುವಿಗೆ ಮೊದಲೇ ಬ್ರೇಕು ಒತ್ತಿ, ತಿರುವು ಮುಗಿದರೂ ಒತ್ತಿಕೊಂಡೇ ಇರುತ್ತಿದ್ದಳು. ಐದಾರು ತಿರುವು ಕಳೆಯುವಷ್ಟರಲ್ಲಿ ಆಸ್ವಾಲ್ಡ್ ಮೂಗು ಅರಳಿಸಿ ನೆಟ್ಟಗೆ ಕುಳಿತ.

"ಮಗ್ದು, ವಾಸನೆ ಬರ್ತದಾ?"

ಬರುತ್ತಿತ್ತು. ಬಟ್ಟೆ ಸುಟ್ಟಂತಹ ವಾಸನೆ. ಅವಳು ಬ್ರೇಕು ಒತ್ತಿದಳು. ಪೆಡಲ್ ಹಿಂದಿನಂತೆ ಗಟ್ಟಿಯಾಗಿ ಎದುರು ನಿಲ್ಲದೆ ಮೆತ್ತಗೆ ಕೆಳಗೆ ಹೋಯಿತು. ಗಾಡಿಯ ವೇಗ ಇಳಿಯಲಿಲ್ಲ.

"ಹಿಡಿಯುದಿಲ್ಲ! ಆಸ್ವಾಲ್ಡ್, ಬ್ರೇಕು ಹಿಡಿಯುದಿಲ್ಲ!"

"ಸರಿ. ಸ್ಟಿಯರಿಂಗ್ ಗಟ್ಟಿ ಹಿಡಿ. ಗೇರಿನ ಹಿಡಿಯನ್ನು ಎರಡಕ್ಕೆ ಎಳಿ." ಅವನ ದನಿ ಬಸ್ಸಿನಲ್ಲಿ ಸ್ಟಾಪಿನ ಹೆಸರು ಹೇಳುವವನ ದನಿಯಂತೆ ಇತ್ತು.

ಎಳೆದಳು. ಎಂಜಿನ್ ಜೋರಾಗಿ ಮೊರೆಯಿತು. ಗಾಡಿ ಕುತ್ತಿಗೆ ಹಿಡಿದು ಹಿಂದಕ್ಕೆ ಎಳೆದ ಹಾಗೆ ಸ್ವಲ್ಪ ನಿಧಾನವಾಯಿತು.

"ಹಾ, ಕೇಳ್ತು. ಈಗ ಒಂದಕ್ಕೆ. ಮೊರೆಯಲಿ, ಏನಾಗುದಿಲ್ಲ. ಹಜಾರ್ಡ್ ಲೈಟ್ ಹಾಕು. ಮುಂದೆ ಬಲಕ್ಕೆ ಗಾಡಿ ನಿಲ್ಲಿಸುವ ಜಾಗ ಉಂಟಾ?"

"ಎದುರೇ ಉಂಟಲ್ಲ! ಅಷ್ಟು ದೊಡ್ಡ ಬೋರ್ಡು!"

"ಎಷ್ಟು ದೂರ?"

"ನಿಂಗೆ ಕಾಣುದಿಲ್ವಾ?"

"ಇಲ್ಲ," ಎಂದ ಆಸ್ವಾಲ್ಡ್. "ನಂಗೆ ಕಾಣುದಿಲ್ಲ ಮಗ್ದು. ನೀನು ಹೇಳು. ಎಷ್ಟು ದೂರ?"

ಅವಳಿಗೆ ಆ ಕ್ಷಣದಲ್ಲಿ ಯೋಚಿಸಲು ಸಮಯವಿರಲಿಲ್ಲ. "ನೂರು ಮೀಟರ್. ಒಂದು ತಿರುವಿನ ಆಚೆ."

"ತಿರುವು ಎಡಕ್ಕಾ ಬಲಕ್ಕಾ?"

"ಎಡಕ್ಕೆ."

"ಒಳ್ಳೇದು. ಬೆಟ್ಟ ಯಾವ ಬದಿ?"

"ನಿನ್ನ ಬದಿ."

"ಹಾಗಾದ್ರೆ ನನ್ನ ಬದಿಗೇ ಇಟ್ಟುಕೋ. ಜಾಗಕ್ಕೆ ನುಗ್ಗಿದ ಕೂಡ್ಲೆ ಹೇಳು, ಹ್ಯಾಂಡ್‌ಬ್ರೇಕ್ ನಾನು ಎಳೀತೇನೆ. ಸ್ವಲ್ಪ ಸ್ವಲ್ಪವೇ."

ತಿರುವು ದಾಟಿ ಅವಳು ಗಾಡಿಯನ್ನು ಬಲಕ್ಕೆ ಹೊರಳಿಸಿದಳು. "ಈಗ!" ಎಂದು ಕೂಗಿದಳು. ಅವನು ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆದ. ಜಲ್ಲಿಯ ಮೇಲೆ ಜಾರುತ್ತ ಗಾಡಿ ಸಿಮೆಂಟಿನ ತಡೆಗೋಡೆಗೆ ಎರಡು ಮಾರು ಇರುವಾಗ ನಿಂತಿತು. ಹಿಂದೆ ಬರುತ್ತಿದ್ದ ಕಾರುಗಳು ಒಂದೊಂದಾಗಿ ಮುಂದೆ ಹೋದವು. ಚಕ್ರಗಳಿಂದ ತೆಳುವಾಗಿ ಹೊಗೆ ಬರುತ್ತಿತ್ತು.

ಮಗ್ದಲೀನಳ ಕೈಗಳು ಸ್ಟಿಯರಿಂಗ್ ಬಿಡಲಿಲ್ಲ. ಆಸ್ವಾಲ್ಡ್ ಒಂದೊಂದೇ ಬೆರಳನ್ನು ಬಿಡಿಸಿದ.

"ಯಾವಾಗಿಂದ?" ಎಂದಳು ಅವಳು.

ಅವನು ಹೇಳಿದ. ಕಳೆದ ಬೇಸಿಗೆಯಿಂದ ಎದುರಿನದೆಲ್ಲ ಮಸುಕಾಗತೊಡಗಿತ್ತು. ಧೂಳು, ಬಿಸಿಲು, ವಯಸ್ಸು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಆಗಸ್ಟಿನ ಒಂದು ಬೆಳಗ್ಗೆ ಪ್ಲಾಂಟಿನ ಗೇಟಿನಲ್ಲಿ ಬಸ್ಸಿನಿಂದ ಇಳಿದ ಒಬ್ಬ ಕೆಲಸಗಾರ ಬಿದ್ದ ಹೆಲ್ಮೆಟ್ ಎತ್ತಿಕೊಳ್ಳಲು ಬಸ್ಸಿನ ಮುಂದೆಯೇ ಬಗ್ಗಿದ್ದ. ಆಸ್ವಾಲ್ಡ್‌ಗೆ ಅವನು ಕಾಣಲೇ ಇಲ್ಲ. ಬಸ್ಸು ಹೊರಡಿಸಿದ್ದ. ಯಾರೋ ಕಿರುಚಿದ್ದರಿಂದ ನಿಲ್ಲಿಸಿದ. ನಡುವೆ ಒಂದು ಗೇಣು ಜಾಗವಿತ್ತು.

"ಆ ಮನುಷ್ಯ ನಗ್ತಾ ಹೆಲ್ಮೆಟ್ ಹಾಕ್ಕೊಂಡು ಹೋದ. ನಾನು ಅವತ್ತೇ ಕೀ ಕೊಟ್ಟೆ. ಸೂಪರ್‌ವೈಸರ್ ಹತ್ರ ಹೋಗಿ, ನಂಗೆ ಬಸ್ಸು ಬೇಡ ಅಂದೆ. ಮತ್ತೆ ಟೆಸ್ಟ್ ಮಾಡಿಸಿದ್ರು. ಕಣ್ಣಿನ ಪರದೆಯ ನಡುಭಾಗ ಸವೆದಿದೆಯಂತೆ, ಎರಡೂ ಕಣ್ಣಲ್ಲಿ. ಬದಿಯಿಂದ ಕಾಣ್ತದೆ. ನಡುವಿನದ್ದು ಇಲ್ಲ. ಹೋದದ್ದು ವಾಪಸ್ ಬರುದಿಲ್ಲ."

"ನಾಲ್ಕು ತಿಂಗಳು," ಎಂದಳು ಮಗ್ದಲೀನ್. "ನಾನು ನರ್ಸ್, ಆಸ್ವಾಲ್ಡ್. ಊರಿನ ಮಕ್ಕಳಿಗೆಲ್ಲ ಎಲ್ಲಿ ನೋವು ಅಂತ ಕೇಳುವವಳು. ನಂಗೆ ಹೇಳ್ಲಿಕ್ಕೆ ಏನಾಗಿತ್ತು ನಿಂಗೆ?"

"ಎರಡು ವಾರಕ್ಕೆ ಒಂದು ದಿನ ಸಿಗುದು. ಆ ದಿನವೂ ಇದನ್ನೇ ಹೇಳ್ಬೇಕಾ?" ಎಂದ ಅವನು. "ಇವತ್ತು ಸಂಜೆ ಹೇಳುವ ಅಂತ ಇದ್ದೆ. ಕೆಲಸ ಈ ತಿಂಗಳ ಕೊನೆಗೆ ಖಲಾಸ್. ಈಗ ಯಾರ್ಡಿನಲ್ಲಿ ಟಯರ್ ಗಾಳಿ ನೋಡ್ತಾ ಕೂತಿದ್ದೇನೆ. ಬೆಟ್ಟ ಇನ್ನೂ ಸ್ವಲ್ಪ ಕಾಣ್ತದೆ. ನಿನ್ನ ಜೊತೆ ಒಂದ್ಸಲ ನೋಡುವ ಅಂತ."

ಬೆಟ್ಟದ ಮೇಲೆ ತಾನು ಆಡಿದ ಮಾತು ನೆನಪಾಗಿ ಮಗ್ದಲೀನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅತ್ತಳು. ಅವನು ತಡೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಮೂಗು ಒರೆಸಿಕೊಂಡು ಹೇಳಿದಳು, "ನಂಗೆ ಎಂಥ ಹೆದರಿಕೆ ಆಗಿತ್ತು ಗೊತ್ತುಂಟಾ? ನೀನು ನನ್ನ ಮುಖವೇ ನೋಡುದಿಲ್ಲ. ನಿಂಗೆ ನಾನು ಸಾಕಾಗಿದ್ದೇನೆ ಅಂತ ಎಣಿಸಿದ್ದೆ."

"ಅಯ್ಯೋ ದೇವರೇ," ಎಂದ ಆಸ್ವಾಲ್ಡ್. "ನಾನು ಬೇರೆ ಕಡೆ ನೋಡುದೇ ನಿನ್ನ ನೋಡ್ಲಿಕ್ಕೆ. ನೆಟ್ಟಗೆ ನೋಡಿದ್ರೆ ನೀನು ಇರುವ ಜಾಗದಲ್ಲಿ ಬರೀ ಬೂದು ಬಣ್ಣ. ಕಿವಿಯ ಬದಿಗೆ ನೋಡಿದ್ರೆ ಸ್ವಲ್ಪ ಕಾಣ್ತೀ. ಇರು."

ಅವನು ಸೀಟಿನಲ್ಲಿ ಅವಳ ಕಡೆಗೆ ತಿರುಗಿ ಹತ್ತಿರ ಬಂದ. ಮುಖವನ್ನು ಒಂದು ಬದಿಗೆ ವಾಲಿಸಿ, ದಿಟ್ಟಿಯನ್ನು ಅವಳ ಭುಜದ ಆಚೆ ನೆಟ್ಟು, ಬಹಳ ಹೊತ್ತು ಹಾಗೇ ಇದ್ದ. ಆಮೇಲೆ ಕೈ ಚಾಚಿ ಅವಳ ಕುತ್ತಿಗೆಯನ್ನು ಮುಟ್ಟಿದ.

"ಮಗ್ದು! ಕೂದಲು ಎಲ್ಲಿ?"

ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ಪಾರ್ಲರಿನಲ್ಲಿ ಉಂಟು. ಮಗಳು ಕೇಳಿದಾಗ ಚೆಂದ ಅಂದೆಯಲ್ಲ?"

"ಹೆಂಡ್ತಿ ಹೇಗೆ ಕಾಣ್ತಾಳೆ ಅಂತ ಮಗಳು ಕೇಳಿದ್ರೆ ಮತ್ತೆಂಥ ಹೇಳ್ಲಿಕ್ಕಾಗ್ತದೆ?"

ಬ್ರೇಕು ತಣ್ಣಗಾಗಲು ಒಂದೂವರೆ ಗಂಟೆ ಕಾದರು. ಆ ಹೊತ್ತಿನಲ್ಲಿ ಅವನು ಉಳಿದದ್ದನ್ನೂ ಹೇಳಿದ. ಜನವರಿಯಲ್ಲಿ ಊರಿಗೆ ಹೋಗುವುದು, ತಮ್ಮನ ಮನೆಯಲ್ಲಿ ಇರುವುದು. ಮಗಳ ಓದು ಮುಗಿಯುವವರೆಗೆ ಮಗ್ದಲೀನ್ ಇಲ್ಲಿ ದುಡಿಯುವುದು.

"ನೀನೇ ಎಲ್ಲ ತೀರ್ಮಾನ ಮಾಡಿಯಾಯ್ತಾ?" ಎಂದಳು ಮಗ್ದಲೀನ್. "ಈಗ ನನ್ನದು ಕೇಳು. ನಾನೊಂದು ಸ್ಟುಡಿಯೊ ಫ್ಲ್ಯಾಟ್ ನೋಡ್ತೇನೆ. ನಿನ್ನ ವೀಸಾ ನಾನು ಮಾಡ್ತೇನೆ. ನಮ್ಮ ಕ್ಲಿನಿಕ್ಕಿನ ಶಾಹಿನ ಅವಳ ಗಂಡನಿಗೆ ಮಾಡಿದ್ದಾಳೆ."

"ಹೆಂಡ್ತಿಯ ವೀಸಾದಲ್ಲಿ ಕೂತು ತಿನ್ಲಿಕ್ಕಾ?"

"ಕೂತು ತಿನ್ಲಿಕ್ಕೆ ಯಾರು ಬಿಡ್ತಾರೆ? ಅಡುಗೆ ಮಾಡು, ಬಟ್ಟೆ ಒಗಿ. ಇಪ್ಪತ್ತೊಂದು ವರ್ಷ ಕ್ಯಾಂಪಿನಲ್ಲಿ ಮಾಡಿದ್ದೀಯಲ್ಲ."

ಅವನು ಒಪ್ಪಲಿಲ್ಲ, ಬೇಡವೆನ್ನಲೂ ಇಲ್ಲ. ಕೊನೆಗೆ, "ಕಣ್ಣು ಇನ್ನೂ ಹಾಳಾದ್ರೆ?" ಎಂದು ಮೆಲ್ಲಗೆ ಕೇಳಿದ.

"ಆಗ ನೋಡುವ. ಈಗ ಒಂದನೇ ಗೇರಿನಲ್ಲಿ ಇಳಿಯುದು ಹೇಗೆ, ಅದು ಹೇಳು."

ಎಂಜಿನ್ನಿನ ಮೊರೆತ ಕೇಳುತ್ತ, ಆಮೆಯ ಹಾಗೆ ಕೆಳಗಿಳಿದರು. ಅಲ್ ಐನ್‌ನ ವರ್ಕ್‌ಶಾಪೊಂದರಲ್ಲಿ ಬ್ರೇಕಿನ ಪ್ಯಾಡು ಬದಲಾಯಿಸಿದರು. ನಾಲ್ಕನೆಯ ದಿನ ಬೆಳಗ್ಗೆ ಮಗ್ದಲೀನ್ ಗಾಡಿಯನ್ನು ದುಬೈ ಕಡೆಗೆ ತಿರುಗಿಸಲಿಲ್ಲ. "ಎಲ್ಲಿಗೆ?" ಎಂದು ಅವನು ಕೇಳಿದ್ದಕ್ಕೆ, "ಮದೀನತ್ ಜಾಯೆದ್. ನಿನ್ನ ಸಾಮಾನು ತರ್ಲಿಕ್ಕೆ" ಎಂದಳು. "ಇನ್ನೂ ಒಂದು ತಿಂಗಳು ಉಂಟಲ್ಲ?" ಎಂದ. "ಮೈಮೇಲೆ ಹಾಕ್ಲಿಕ್ಕೆ ನಾಲ್ಕು ಜೊತೆ ಬಟ್ಟೆ ಇಟ್ಕೋ. ಬಾಕಿ ಎಲ್ಲ ಗಾಡಿಗೆ." ಬಿಟ್ಟರೆ ಅವನು ಊರಿಗೇ ಹೊರಟಾನೆಂಬ ಭಯ ಅವಳಿಗಿತ್ತು.

ಇಷ್ಟು ವರ್ಷಗಳಲ್ಲಿ ಅವಳು ಅವನ ಕ್ಯಾಂಪನ್ನು ನೋಡಿರಲಿಲ್ಲ. ಗೇಟಿನ ವಾಚ್‌ಮನ್ ಹೆಂಗಸರನ್ನು ಒಳಗೆ ಬಿಡುವಂತಿಲ್ಲ ಎಂದ. ಆಸ್ವಾಲ್ಡ್‌ನ ಮುಖ ನೋಡಿ, ಬಾಗಿಲ ತನಕ ಹೋಗಬಹುದು ಎಂದು ತಿದ್ದಿಕೊಂಡ. ಹೊಸ್ತಿಲಲ್ಲಿ ನಿಂತು ಅವಳು ನೋಡಿದಳು. ಮೇಲೊಂದು ಕೆಳಗೊಂದರಂತೆ ನಾಲ್ಕು ಮಂಚ, ಕೆಳಗಿನ ಒಂದಕ್ಕೆ ನೀಲಿ ಪರದೆ. ಪರದೆಯ ಹಿಂದೆ ಒಂದು ದಿಂಬು, ಮಾತೆ ಮರಿಯಮ್ಮನ ಚಿತ್ರ, ಕೊಡೆ. ಅಷ್ಟರಲ್ಲಿ ಅವನ ಇಡೀ ಬದುಕು ಹಿಡಿದಿತ್ತು.

ಒಂಬತ್ತು ವರ್ಷದಿಂದ ಅವನ ಜೊತೆ ಅದೇ ಕೋಣೆಯಲ್ಲಿದ್ದ ವಿಟ್ಲದ ಫೈಝಲ್, ಕ್ರೇನ್ ಆಪರೇಟರ್, ಲೋಟದಲ್ಲಿ ಚಹಾ ತಂದುಕೊಟ್ಟ. "ಅಕ್ಕ, ನಿಮ್ಗೆ ಗೊತ್ತಾಯ್ತಾ? ಅಲ್ಲಾಹ್, ನನ್ನ ತಲೆಭಾರ ಇಳೀತು. ನಾಲ್ಕು ತಿಂಗಳಿಂದ ನಿಮ್ಮ ಮೆಸೇಜು ನಾನೇ ಓದಿ ಹೇಳುದು."

ಮಗ್ದಲೀನಳ ಲೋಟ ಅರ್ಧದಲ್ಲಿ ನಿಂತಿತು. "ಎಲ್ಲವನ್ನೂ?"

"ಎಲ್ಲವನ್ನೂ. ಇವರ ಜೊತೆ ಇದ್ದು ಇದ್ದು ಕೊಂಕಣಿ ಬರ್ತದೆ ನಂಗೆ."

"ಶೇವ್ ಮಾಡದೆ ಬಂದ್ರೆ ಹತ್ರ ಕೂರಿಸುದಿಲ್ಲ ಅಂತ ಬರೆದದ್ದು?"

"ಅದೂ. ಅವತ್ತು ಶೇವ್ ಮಾಡಿಸಿ ಕಳಿಸಿದ್ದೇ ನಾನು," ಎಂದ ಫೈಝಲ್. ಆಮೇಲೆ ನೆಲ ನೋಡುತ್ತ, "ಕೆಲವು ಕಡೆ ಮಾತ್ರ ನಾನು ಓದದೆ ದಾಟಿಸಿದ್ದುಂಟು, ಅಕ್ಕ. ಅದನ್ನು ನೀವೇ ಹೇಳಿ ಅವರಿಗೆ" ಎಂದ. ಕೋಣೆಯೊಳಗೆ ಯಾರೋ ಜೋರಾಗಿ ನಕ್ಕರು. ಮಗ್ದಲೀನಳ ಕಿವಿ ಕೆಂಪಾಯಿತು. ಆಸ್ವಾಲ್ಡ್ ಟ್ರಂಕಿನ ಮೇಲೆ ಬಗ್ಗಿ ಏನೋ ಹುಡುಕುವಂತೆ ನಟಿಸಿದ.

ಟ್ರಂಕು, ರೈಸ್ ಕುಕ್ಕರ್, ಹೊದಿಕೆಗಳನ್ನು ಎಲ್ಲರೂ ಸೇರಿ ಗಾಡಿಗೆ ಹಾಕಿದರು.

ಫೆಬ್ರವರಿಯಲ್ಲಿ ಅವನ ವೀಸಾ ಆಯಿತು. ಇಂಟರ್‌ನ್ಯಾಷನಲ್ ಸಿಟಿಯಲ್ಲೇ, ಹಿಂದಿನ ಫ್ಲ್ಯಾಟಿನಿಂದ ಎರಡು ಬೀದಿ ಆಚೆ, ಮೂರನೆಯ ಮಹಡಿಯ ಒಂದು ಸ್ಟುಡಿಯೊ. ಕಣ್ಣಿನ ಡಾಕ್ಟರು, ಬದಿಯ ದೃಷ್ಟಿ ಉಳಿಯುವ ಸಂಭವವೇ ಹೆಚ್ಚು ಎಂದರು. ಅಕ್ಷರ ದೊಡ್ಡದು ಮಾಡುವ ಒಂದು ಯಂತ್ರ ಬರೆದುಕೊಟ್ಟರು. ಮೊದಲ ವಾರ ಇಬ್ಬರಿಗೂ ಕಷ್ಟವಾಯಿತು. ಅವನು ಚಮಚಗಳನ್ನು ಒಂದು ಕಡೆ ಇಟ್ಟರೆ ಅವಳು ಇನ್ನೊಂದು ಕಡೆ ಇಡುತ್ತಿದ್ದಳು. ಅವನಿಗೆ ಸಾಮಾನು ಇಟ್ಟಲ್ಲೇ ಇರಬೇಕು. ಅದಕ್ಕಾಗಿ ಎರಡು ಸಲ ಜಗಳವೂ ಆಯಿತು. ಒಂದು ದಿನ ಅವನೊಬ್ಬನೇ ಕೆಳಗಿನ ಅಂಗಡಿಗೆ ಹೋಗಿ ಉಪ್ಪಿನ ಬದಲು ಸಕ್ಕರೆ ತಂದು ಸಪ್ಪೆ ಮುಖ ಮಾಡಿ ಕುಳಿತಿದ್ದ. ಅವಳು ಪಾಯಸ ಮಾಡಿದಳು.

ಆ ವಾರದ ಕೊನೆಯ ಡ್ಯೂಟಿ ಮುಗಿಸಿ ಮಗ್ದಲೀನ್ ಮನೆಗೆ ಬಂದಾಗ ಸಂಜೆ ಐದು ಗಂಟೆ. ಲಿಫ್ಟಿನಿಂದ ಹೊರಗೆ ಬಂದು, ಅಭ್ಯಾಸದಂತೆ ಚೀಲದಲ್ಲಿ ಕೀಲಿಕೈಗೆ ತಡಕಾಡುತ್ತ ಬಾಗಿಲ ಮುಂದೆ ನಿಂತಳು. ಕೈಗೆ ಕೀಲಿಕೈ ಸಿಗುವ ಮೊದಲೇ ಬಾಗಿಲು ತೆರೆಯಿತು. ಆಸ್ವಾಲ್ಡ್ ಹೆಗಲ ಮೇಲೆ ಬೈರಾಸು ಹಾಕಿಕೊಂಡು ನಿಂತಿದ್ದ. ಒಳಗಿನಿಂದ ಮೀನು ಹುರಿಯುವ ವಾಸನೆ ಬರುತ್ತಿತ್ತು.

"ಗೊತ್ತಾಯ್ತಾ ನಾನು ಅಂತ?" ಎಂದಳು.

"ಲಿಫ್ಟಿನಿಂದ ಹನ್ನೊಂದು ಹೆಜ್ಜೆ. ಬೇರೆಯವರು ಇಷ್ಟು ಬೇಗ ಬೇಗ ಬರುದಿಲ್ಲ," ಎಂದ ಅವನು, ಅವಳ ಕೈಯಿಂದ ಚೀಲ ತೆಗೆದುಕೊಳ್ಳುತ್ತ. "ಕೈ ತೊಳ್ಕೊಂಡು ಬಾ. ಬಂಗುಡೆ ಬಿಸಿ ಇರುವಾಗ್ಲೇ ತಿನ್ಬೇಕು."